ಅಪ್ಪನ ಬುಡು, ಅವ್ವನ ಬುಡು

ಮಂಡ್ಯದ ನಮ್ಮ ಮನೆಯಲ್ಲಿ ಯಾರ ಧ್ವನಿಯೂ ಅವರೊಬ್ಬರದೇ ಆಗಿರಲಿಲ್ಲ. ಎಲ್ಲವನ್ನೂ ನಾನು ಎತ್ತಿಕೊಂಡಿದ್ದೆ. ಅಜ್ಜಿ ಪಡಸಾಲೆಯಲ್ಲಿ ಕಾಲು ನೀಡಿಕೊಂಡು ಎಲೆಅಡಿಕೆ ಕುಟ್ಟುತ್ತ "ಯಾರ್ಲಾ ಅದು ಬಾಗ್ಲಲ್ಲಿ?" ಅಂದರೆ, ಬಾಗಿಲ ಹಿಂದಿನಿಂದ ಥೇಟ್ ಅವಳದೇ ಬೊಚ್ಚುಬಾಯಿ "ನಾನು ಕಣಕ್ಕ, ನಿನ್ ತಂಗಿ" ಅನ್ನುತ್ತಿತ್ತು. ಅಜ್ಜಿಗೆ ತಂಗಿಯೇ ಇರಲಿಲ್ಲ. ಆದರೂ ಒಂದು ಸಲ ಎದ್ದು ಬಂದು ನೋಡಿದಳು; ನನಗೆ ಸಿಕ್ಕ ಮೊದಲ ಬಹುಮಾನ ಅದೇ. ಹಾಲಿನವನು, ಬಸ್ಸಿನ ಕಂಡಕ್ಟರು, ಮಗ್ಗಿ ಒಪ್ಪಿಸಿಕೊಳ್ಳುತ್ತಲೇ ನಿದ್ದೆ ಹೋಗುವ ಮೇಷ್ಟ್ರು, ಹನಕೆರೆಯಲ್ಲಿ ರೈಲು ಹತ್ತಿ ಕಡಲೆಕಾಯಿ ಮಾರುವ ಮುದುಕ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದರು. ಅಷ್ಟು ಜನ ತುಂಬಿಕೊಂಡ ಮೇಲೆ ನನ್ನ ಸ್ವಂತ ಧ್ವನಿಗೆ ಜಾಗವೆಲ್ಲಿ? ಮೀಸೆ ಮೂಡುವ ಹೊತ್ತಿಗೆ ಅದೂ ಹೊರಗೆ ಬಂತು, ಬಿರುಕು ಬಿಟ್ಟ ಕೊಡದ ಹಾಗೆ. ಕೇಳಿದವರು ಅದನ್ನೂ ಯಾರದೋ ಅಣಕವೆಂದೇ ತಿಳಿದರು. ಮುಂದೆ ನಾನು ಬ್ಯಾಡ್ಮಿಂಟನ್ ಆಡಿಯೇ ಅನ್ನ ಸಂಪಾದಿಸಿದೆ, ಅದೂ ಜೋಡಿ ಆಟದಲ್ಲಿ. ಒಂಟಿ ಆಟದಲ್ಲಿ ನಾನು ಗೆದ್ದದ್ದು ಎದುರಾಳಿ ಜ್ವರ ಬಂದು ಮಲಗಿದಾಗ ಮಾತ್ರ. ಅಂಕಣದಲ್ಲಿ ಒಬ್ಬನೇ ನಿಂತರೆ ಮಾತಿಗೆ ಜನವಿಲ್ಲ. ಮಾತಿಲ್ಲದಿದ್ದರೆ ನನ್ನ ಕಾಲು ಓಡುವುದಿಲ್ಲ. ಜೋಡಿ ಆಟ ಹೇಗೆ ಹಿಡಿಯಿತು ಎಂದು ಪೇಪರಿನವರು ಕೇಳಿದಾಗ ಶಿಸ್ತು, ಪರಿಶ್ರಮ ಎಂದು ಏನೋ ಹೇಳಿ ಕಳಿಸುತ್ತೇನೆ. ಸರಿಯಾಗಿ ಹೇಳಬೇಕೆಂದರೆ ನಮ್ಮ ಮನೆಯ ಹಿತ್ತಲಿನಿಂದ ಶುರು ಮಾಡಬೇಕು.

ರೈಲು ಹಳಿಗೆ ಬೆನ್ನು ಕೊಟ್ಟು ಕೂತ ಹೆಂಚಿನ ಮನೆ ಅದು, ನಮ್ಮ ಮಾತಿನಲ್ಲಿ ಅಟ್ಟಿ. ಪಡಸಾಲೆ ಅಜ್ಜಿಯದು, ನಡುಮನೆ ರಾಗಿ ಮೂಟೆಗಳದು, ಅಡುಗೆಮನೆ ಅವ್ವನದು. ಮಿಕ್ಕ ಜಾಗದಲ್ಲಿ ಗಂಡಸರು ಹೇಗೋ ಕಾಲು ಮಡಚಿಕೊಂಡಿದ್ದೆವು. ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಯ ಕಡೆಯಿಂದ ಗಾಳಿ ತಿರುಗಿದರೆ ಕಾಕಂಬಿಯ ವಾಸನೆ ಹೆಂಚಿನ ಸಂದಿಯಿಂದ ಇಳಿದು ಸಾರಿನೊಳಗೆ ಸೇರುತ್ತಿತ್ತು. ಅವ್ವ ಅದಕ್ಕೇ ಹುಣಿಸೆಹಣ್ಣು ಹೆಚ್ಚಿಗೆ ಕಿವುಚುತ್ತಿದ್ದಳು, ಅಪ್ಪ ಹುಳಿ ಜಾಸ್ತಿಯಾಯಿತೆಂದು ಮುಖ ಕಿವುಚುತ್ತಿದ್ದ. ಅಪ್ಪ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಗುಮಾಸ್ತ. ಅಲ್ಲಿ ಸಂಜೆ ಹೊತ್ತು ದೊಡ್ಡ ದೊಡ್ಡ ವಿಜ್ಞಾನಿಗಳು ಶಟಲ್ ಆಡುತ್ತಿದ್ದರು. ಒಂದು ದಿನ ಜೋಡಿ ಆಟಕ್ಕೆ ಒಬ್ಬರು ಕಡಿಮೆ ಬಿದ್ದಾಗ, ಫೈಲು ಹಿಡಿದು ಸಹಿಗೆ ಕಾಯುತ್ತಿದ್ದ ಅಪ್ಪನನ್ನು "ಬನ್ನಿ ಗೌಡ್ರೆ, ಸುಮ್ಮನೆ ನಿಂತ್ಕೊಳ್ಳಿ ಸಾಕು" ಎಂದು ಕರೆದರಂತೆ. ಅಪ್ಪ ಸುಮ್ಮನೆ ನಿಲ್ಲಲಿಲ್ಲ. ಅವತ್ತು ಮನೆಗೆ ಬಂದವನು ಕೈಕಾಲು ಕೂಡ ತೊಳೆಯದೆ ಹಿತ್ತಲಿಗೆ ಹೋಗಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದ. ಒಂದು ತುದಿಗೆ ಹಸು ಕಟ್ಟುವ ಗೂಟ, ಇನ್ನೊಂದು ತುದಿಗೆ ಬಟ್ಟೆ ಒಗೆಯುವ ಕಲ್ಲು. ನಡುವೆ ಬಟ್ಟೆ ಒಣಗಿಸುವ ತಂತಿಗೆ ಅವ್ವನ ಹಳೇ ಸೀರೆ ಇಳಿಬಿಟ್ಟರೆ ಅದೇ ಬಲೆ. ಅಲ್ಲಿಂದ ಮುಂದೆ ಅಪ್ಪನ ಸೈಕಲ್ ಚೀಲದಲ್ಲಿ ಊಟದ ಡಬ್ಬಿಯ ಜೊತೆ, ಸಾಹೇಬರು ಆಡಿ ಬಿಸಾಡಿದ ಪುಕ್ಕ ಮುರಿದ ಶಟಲ್‌ಗಳು ಬರತೊಡಗಿದವು. ಅಜ್ಜಿ ಅವುಗಳಿಗೆ ಕೋಳಿಪುಕ್ಕ ಸಿಕ್ಕಿಸಿ ಮೈದಾ ಅಂಟು ಹಾಕಿ ರಿಪೇರಿ ಮಾಡುತ್ತಿದ್ದಳು. ಕೋಳಿಪುಕ್ಕದ ಶಟಲ್ ಕೋಳಿಯ ಹಾಗೇ ಹಾರುತ್ತಿತ್ತು: ಒಂದಿಷ್ಟು ಎದ್ದು, ಗಾಬರಿಯಾಗಿ, ಎಲ್ಲೋ ಇಳಿಯುತ್ತಿತ್ತು. ಇಳಿಯುವ ಜಾಗ ಹೆಚ್ಚಾಗಿ ಹಸುವಿನ ಕಲಗಚ್ಚಿನ ಬಾನಿ.

ಆಟಕ್ಕೆ ಮನೆಯ ಮಡಿಯೂ ಇತ್ತು. ಬ್ಯಾಟಿನ ನರ ಕುರಿಯ ಕರುಳಿನದು ಎಂದು ಯಾರೋ ಅಜ್ಜಿಯ ಕಿವಿಯಲ್ಲಿ ಊದಿಬಿಟ್ಟಿದ್ದರು. ಸೋಮವಾರ ನಮ್ಮ ಮನೆಯಲ್ಲಿ ಬಾಡು ಮಾಡುವುದಿಲ್ಲ. ಹಾಗಾಗಿ ಸೋಮವಾರ ಬ್ಯಾಟೂ ಇಲ್ಲ. ಭಾನುವಾರ ಸಂಜೆಯೇ ಅವನ್ನು ಒಗೆಯುವ ಕಲ್ಲಿನ ಪಕ್ಕದ ಗೂಡಿಗೆ ಹಾಕಬೇಕು, ಮಂಗಳವಾರ ಬೆಳಿಗ್ಗೆ ತೆಗೆಯಬೇಕು. ಮುಂದೆ ನಾನು ದೊಡ್ಡ ಆಟಗಾರನಾದ ಮೇಲೂ ಸೋಮವಾರದ ಪಂದ್ಯಗಳಲ್ಲಿ ಸೋತರೆ ಅಜ್ಜಿಗೆ ಒಳಗೊಳಗೇ ಸಮಾಧಾನ.

ಈ ಹಿತ್ತಲಿಗೆ ಚೆಲುವ ಬಂದದ್ದು ಹೈಸ್ಕೂಲು ಓದಲು. ಮದ್ದೂರು ಕಡೆಯ ಕೊಪ್ಪದಲ್ಲಿ ಬೇಸಾಯ ನೋಡಿಕೊಂಡಿದ್ದ ನನ್ನ ಚಿಕ್ಕಪ್ಪನ ಮಗ. ನನಗಿಂತ ಒಂದು ವರ್ಷಕ್ಕೆ ದೊಡ್ಡವನು, ಒಂದು ಗೇಣು ಉದ್ದ, ಮಾತಿನಲ್ಲಿ ಮಾತ್ರ ಬಡವ. ಏನು ಕೇಳಿದರೂ "ಊಂ" ಅನ್ನುತ್ತಿದ್ದ. ಹೌದಿಗೂ ಊಂ, ಇಲ್ಲಕ್ಕೂ ಊಂ. ಯಾವುದು ಯಾವುದೆಂದು ಅವನ ಹುಬ್ಬು ನೋಡಿ ತಿಳಿಯಬೇಕು. ಕಬ್ಬು ಕಡಿದು ಬಲಿತ ತೋಳು. ಅವನು ಬಾರಿಸಿದರೆ ಪುಕ್ಕ ಒಂದು ಕಡೆ, ಬೆಂಡು ಒಂದು ಕಡೆ. ನಾನು ಮುಂದೆ ಬಲೆಯ ಹತ್ತಿರ ಮಂಗನ ಹಾಗೆ ಕುಣಿಯುವುದು, ಅವನು ಹಿಂದೆ ಕಂಬದ ಹಾಗೆ ನಿಂತು ಹೊಡೆಯುವುದು. ಒಂದೇ ಚಾಪೆಯಲ್ಲಿ ಮಲಗಿ, ಒಂದೇ ಸೈಕಲ್ಲಿನಲ್ಲಿ ಸ್ಕೂಲಿಗೆ ಹೋಗಿ, ಒಂದೇ ಮೇಷ್ಟ್ರ ಕೈಲಿ ಹೊಡೆತ ತಿಂದು, ಕಡೆಗೆ ನಮ್ಮಿಬ್ಬರನ್ನು ಯಾರೂ ಬೇರೆ ಬೇರೆಯಾಗಿ ಕರೆಯುವುದನ್ನೇ ಬಿಟ್ಟರು. "ಐಕ್ಳು ಎಲ್ಲವ್ರೆ?" ಅಂದರೆ ನಾವಿಬ್ಬರು.

ತೊಂದರೆ ಇದ್ದದ್ದು ಒಂದೇ ಒಂದು ಪದದಲ್ಲಿ. ಹಿಂದಿನ ಆಟಗಾರ ಆಕಾಶ ನೋಡಿಕೊಂಡು ಹಿಂದಕ್ಕೆ ಸರಿಯುವಾಗ ಅವನಿಗೆ ಗೆರೆ ಕಾಣುವುದಿಲ್ಲ. ಶಟಲ್ ಒಳಗೆ ಬೀಳುತ್ತದೋ ಹೊರಗೋ ಎಂದು ಜೊತೆಗಾರ ನೋಡಿ ಕೂಗಬೇಕು. ನಾನು ಕೂಗುತ್ತಿದ್ದದ್ದು "ಬುಡು!" ನಮ್ಮ ಕಡೆಯ ಈ ಬುಡು ಪುಸ್ತಕದ 'ಬಿಡು'ವಿನಂಥ ಸಾಧು ಪದವಲ್ಲ. "ಓಗ್ಲಿ ಬುಡು" ಅಂದರೆ ಮುಟ್ಟಬೇಡ, ಅದರ ಪಾಡಿಗೆ ಹೋಗಲಿ ಅಂತ. "ಬುಡು ಅವ್ನಿಗೊಂದು" ಅಂದರೆ ಕೆನ್ನೆ ಊದುವ ಹಾಗೆ ಬಾರಿಸು ಅಂತ. ಹೊರಗೆ ಬೀಳುವ ಶಟಲ್‌ಗೆ ನಾನು ಬುಡು ಅಂದರೆ ಚೆಲುವ ನೆಗೆದು ಬಾರಿಸುತ್ತಿದ್ದ. ಒಳಗೆ ಬೀಳುವುದಕ್ಕೆ ಬುಡು ಅಂದರೆ ಕೈ ಇಳಿಸಿ ನಿಂತು, ಅದು ಭೂಮಿ ಮುಟ್ಟುವುದನ್ನು ಭಕ್ತಿಯಿಂದ ನೋಡುತ್ತಿದ್ದ.

"ಬುಡು ಅಂದ್ನಲ್ಲ, ಯಾಕ್ಲಾ ಒಡ್ದೆ?"

"ಬುಡು ಅಂದ್ಯಲ್ಲ, ಅದ್ಕೇ ಬುಟ್ಟೆ."

"ಮತ್ತೆ ಆಗ್ಲೇ ಯಾಕೆ ಸುಮ್ಕೆ ನಿಂತ್ಕಂಡೆ?"

"ಆಗ್ಲೂ ಬುಡು ಅಂದ್ಯಲ್ಲ. ಬುಟ್ಟೆ."

ಸ್ಕೂಲಿನ ಆಟದ ಮೇಷ್ಟ್ರು ಇದನ್ನು ನೋಡಿ ತಲೆ ಚಚ್ಚಿಕೊಂಡರು. ಹೊರಗೆ ಹೋಗುವುದಕ್ಕೆ 'ಲೀವ್' ಅನ್ನಿ, ಒಳಗಿನದಕ್ಕೆ 'ಹಿಟ್' ಅನ್ನಿ ಎಂದು ಇಂಗ್ಲಿಷ್ ಕಲಿಸಿದರು. ಚೆಲುವ ಅಪರೂಪಕ್ಕೆ ಬಾಯಿ ತೆರೆದು "ಲೀವ್ ಅಂದ್ರೆ ರಜ ಅಲ್ವಾ ಸಾ?" ಎಂದ. ಹಿಟ್ಟು ಅಂದರೆ ಏನೆಂದು ಅವನು ಕೇಳಲಿಲ್ಲ. ಮುದ್ದೆಗೆ ನಮ್ಮ ಕಡೆ ಹಿಟ್ಟೆಂದೇ ಹೆಸರು, ಮೂರು ಹೊತ್ತೂ ಅದನ್ನೇ ಉಣ್ಣುತ್ತಿದ್ದ. ಅಭ್ಯಾಸದಲ್ಲಿ ಹೇಗೋ ನಡೆಯುತ್ತಿತ್ತು. ಪಂದ್ಯ ಬಿಸಿಯಾದರೆ ನಾಲಿಗೆಗೆ ಇಂಗ್ಲಿಷೂ ಬೇಡ, ಮೇಷ್ಟ್ರೂ ಬೇಡ. ಅದು ನೇರ ಮನೆಗೆ ಓಡುತ್ತಿತ್ತು, ಮನೆಯಲ್ಲಿ ಸಿಗುತ್ತಿದ್ದದ್ದು ಬುಡು ಒಂದೇ.

ಅಷ್ಟರಲ್ಲಿ ನನ್ನ ಗಂಟಲಿಗೆ ಬೀಗವೂ ಬಿದ್ದಿತ್ತು. ಫಾರಂನ ಸಾಹೇಬರೊಬ್ಬರು ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಉತ್ತರದ ಕಡೆಯವರು, ಕನ್ನಡವನ್ನು ಒಂದೊಂದೇ ಅಕ್ಷರ ತೊಳೆದು ಇಡುವಂತೆ ಮಾತಾಡುತ್ತಿದ್ದರು. ಅವರು ಕೈ ತೊಳೆಯಲು ಹಿತ್ತಲಿಗೆ ಹೋದ ಹೊತ್ತಿನಲ್ಲಿ ಅಡುಗೆಮನೆಯ ಗೋಡೆಯ ಹಿಂದೆ ನಿಂತು ನಾನು ಅವರಾದೆ. "ಗೌಡ-ರೇ, ಈ ಕೋ-ಳೀ ಬಹಳ ಮೃ-ದುವಾಗಿ-ದೇ." ನಡುಮನೆಯಲ್ಲಿ ಕೂತಿದ್ದ ಅಪ್ಪ "ಇನ್ನೊಂದು ಪೀಸ್ ಹಾಕ್ಲಾ ಸಾರ್?" ಎಂದು ಗೋಡೆಗೆ ಉಪಚಾರ ಮಾಡಿದ. ಆಗಲೇ ಸಾಹೇಬರು ಕರವಸ್ತ್ರದಲ್ಲಿ ಕೈ ಒರೆಸುತ್ತ ಎದುರಿನ ಬಾಗಿಲಿಂದ ಒಳಗೆ ಬಂದರು. ಅವರು ನಕ್ಕರು. ಅಪ್ಪ ನಗಲಿಲ್ಲ. ಅವರು ಹೋದ ಮೇಲೆ ನನ್ನನ್ನು ನಡುಮನೆಯ ಕಂಬಕ್ಕೆ ಒರಗಿಸಿ ನಿಲ್ಲಿಸಿದ.

"ಇನ್ಮೇಲೆ ಯಾವನ್ ಗಂಟ್ಲಾದ್ರೂ ಎತ್ಕಂಡ್ ಮಾತಾಡಿದ್ದು ನನ್ ಕಿವಿಗ್ ಬಿತ್ತೋ, ಬ್ಯಾಟು ಒಲೆಗೆ. ಆಟ ಅವತ್ಗೇ ಮುಗೀತು. ತಿಳೀತಾ?"

ಅಪ್ಪ ಹೇಳಿದ್ದು ಮಾಡುವ ಮನುಷ್ಯ. ಅಲ್ಲಿಂದ ಮುಂದೆ ಅವನು ಮನೆಯಲ್ಲಿದ್ದಾಗ ನಾನು ನನ್ನ ಧ್ವನಿಯಲ್ಲೇ ಮಾತಾಡಿದೆ, ಅಂದರೆ ಹೆಚ್ಚು ಕಡಿಮೆ ಮೂಕನಾದೆ.

ಚೆಲುವ ಗಣಿತದಲ್ಲಿ ಫೇಲಾದ ಸುದ್ದಿ ಕೊಪ್ಪಕ್ಕೆ ಮುಟ್ಟಿತು. ಚಿಕ್ಕಪ್ಪ ಒಂದು ಉಂಡೆಬೆಲ್ಲದ ಚೀಲ, ಒಂದು ಹೊರೆ ಕಬ್ಬಿನ ಜೊತೆ ಬಂದಿಳಿದ. ಅವನು ಒಳ್ಳೆಯ ಮಾತನ್ನೂ ಜಗಳದ ಹಾಗೆ ಆಡುವವನು. ಊಟಕ್ಕೆ ಕೂತಾಗ ಮುದ್ದೆಯನ್ನು ಗುದ್ದಿ ಗುಂಡಿ ಮಾಡುತ್ತ ಶುರು ಮಾಡಿದ.

"ಕೋಳಿಪುಕ್ಕ ಒಡ್ಯಾದ್ ಕಲೀಲಿ ಅಂತಲಾ ಅಣ್ಣ ನಾನು ಮಗನ್ನ ನಿನ್ ಅಟ್ಟೀಲಿ ಬುಟ್ಟಿರಾದು? ಓದಲ್ಲ ಅಂದ್ರೆ ಊರ್ಗೆ ಬರ್ಲಿ. ಕಬ್ಬು ಕಟಾವ್ಗೆ ಆಳಿಲ್ಲ, ಕಾಳಿಲ್ಲ."

"ಮಳವಳ್ಳೀಲಿ ಆಯ್ಕೆ ಪಂದ್ಯ ಅದೆ ಕಣ್ಲಾ" ಎಂದ ಅಪ್ಪ. "ಗೆದ್ದ ಜೋಡೀನ ಮೈಸೂರ್ಗೆ ಕಳಿಸ್ತಾರೆ, ತರಬೇತಿ ಕೊಡ್ತಾರೆ. ಈ ಒಂದ್ ಪಂದ್ಯ ಆಡ್ಲಿ."

"ಗೆದ್ರೆ ಇರ್ಲಿ. ಸೋತ್ರೆ?"

ಅಪ್ಪ ಸಾರಿನ ಬಟ್ಟಲನ್ನು ಹತ್ತಿರ ಎಳೆದುಕೊಂಡ. ಚಿಕ್ಕಪ್ಪ ತಾನೇ ಮುಗಿಸಿದ.

"ಸೋತ್ರೆ ಕರ್ಕಂಡ್ ಓಯ್ತೀನಿ. ಆಮೇಲೆ ನೀನೂ ಮಾತಾಡ್ಬ್ಯಾಡ, ಅತ್ಗೇನೂ ಮಾತಾಡ್ಬ್ಯಾಡ."

ಅಪ್ಪ ಆಗಲಿ ಎಂದು ತಲೆಯಾಡಿಸಿದ. ಚೆಲುವ ತಟ್ಟೆ ನೋಡುತ್ತ "ಊಂ" ಎಂದ. ಹುಬ್ಬು ನೋಡಿದೆ. ಅದು ಇಲ್ಲ ಅನ್ನುವ ಊಂ. ಚೆಲುವ ಹೋದರೆ ನನ್ನ ಅರ್ಧ ಚಾಪೆ ಖಾಲಿ, ನನ್ನ ಆಟ ಪೂರ್ತಿ ಖಾಲಿ. ಬೇರೆ ಯಾರ ಜೊತೆ ಆಡಲಿ? ನನ್ನ ಬಾಯಿ ತಡೆದುಕೊಳ್ಳುವ ಇನ್ನೊಬ್ಬನನ್ನು ಮಂಡ್ಯದಲ್ಲಿ ಹುಡುಕಿ ತರುವುದು ಸಾಧ್ಯವೇ ಇರಲಿಲ್ಲ.

ಗಂಟು ಬಿಚ್ಚಿದ್ದು ಚೆಲುವನೇ, ಅದೂ ಅವನಿಗೆ ಗೊತ್ತಿಲ್ಲದೆ. ಅಪ್ಪ ಫಾರಂಗೆ ಹೋಗಿದ್ದ ಒಂದು ದಿನ ಹಿತ್ತಲಲ್ಲಿ ಆಡುತ್ತ, ಸುಮ್ಮನೆ ಗಂಟಲು ತುಕ್ಕು ಹಿಡಿಯದಿರಲೆಂದು ನಾನು ಅಪ್ಪನ ಧ್ವನಿಯಲ್ಲಿ "ಬುಡು!" ಅಂದೆ. ಎದೆಯಿಂದ ಬರುವ, ಕಲ್ಲು ಬಿದ್ದಂಥ, ಕೈ ಎತ್ತಿಕೊಂಡೇ ಬರುವ ಬುಡು ಅದು. ಚೆಲುವ ಹೊಡೆದ ಹೊಡೆತಕ್ಕೆ ಶಟಲ್ ಅವ್ವನ ಸೀರೆಯನ್ನು ತೂತು ಮಾಡಿಕೊಂಡು ಹೋಯಿತು. ಆಮೇಲೆ ಅವ್ವನ ಧ್ವನಿಯಲ್ಲಿ ಅಂದೆ: "ಬುಡೂ..." ಅಪ್ಪ ಬೈದಾಗ, ಹಾಲು ಉಕ್ಕಿದಾಗ, ಸೊಸೈಟಿಯಲ್ಲಿ ಸೀಮೆಎಣ್ಣೆ ಮುಗಿದಾಗ ಅವಳು ಅನ್ನುವ, ಕೊನೆಯಲ್ಲಿ ಗಾಳಿ ಹೋದ ಟ್ಯೂಬಿನಂತೆ ಇಳಿಯುವ ಬುಡು. ಚೆಲುವನ ಕೈ ತಾನಾಗಿ ಇಳಿಯಿತು. ಅವನು ತನ್ನ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿಕೊಂಡ.

"ದೊಡ್ಡಪ್ಪನ್ ಗಂಟ್ಲು ಕೇಳುದ್ರೆ ಕೈ ಮ್ಯಾಕೇ ಓಯ್ತದೆ ಕಣ್ಲಾ. ದೊಡ್ಡವ್ವಂದು ಕೇಳುದ್ರೆ ಇಳೀತದೆ. ನಿನ್ ಗಂಟ್ಲು ಕೇಳುದ್ರೆ..."

"ನನ್ ಗಂಟ್ಲು ಕೇಳುದ್ರೆ?"

"ನಗ ಬತ್ತದೆ."

ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅಂದಿನಿಂದ ಅಪ್ಪನ ಬುಡು ಅಂದರೆ ಹೊಡಿ, ಅವ್ವನ ಬುಡು ಅಂದರೆ ಮುಟ್ಟಬೇಡ. ಒಂದು ಶಟಲೂ ನಡುವೆ ಬೀಳಲಿಲ್ಲ. ಅವ್ವ ಅಡುಗೆಮನೆಯ ಕಿಟಕಿಯಿಂದ ನೋಡಿ, "ಅಯ್ಯೋ ನಿನ್ ಮನೆ ಹಾಳಾಗ, ನಾನ್ ಅಂಗಾ ಅನ್ನಾದು?" ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು. ಅಪ್ಪನಿಗೆ ಹೇಳುವುದಿಲ್ಲವೆಂದು ತಲೆಯ ಮೇಲೆ ಕೈ ಇಟ್ಟು ಮಾತು ಕೊಟ್ಟಳು.

ಮಳವಳ್ಳಿಯಲ್ಲಿ ಪಂದ್ಯ ನಡೆದದ್ದು ಒಂದು ಅಕ್ಕಿ ಗಿರಣಿಯ ಖಾಲಿ ಗೋದಾಮಿನಲ್ಲಿ. ಎತ್ತರದ ತಗಡಿನ ಮಾಡು, ತೊಲೆಗಳ ಮೇಲೆ ಗುಬ್ಬಚ್ಚಿ, ನೆಲದ ಮೇಲೆ ಎಷ್ಟು ಗುಡಿಸಿದರೂ ಜಾರುವ ಹೊಟ್ಟಿನ ಧೂಳು. ಒಂದು ಪಕ್ಕದ ಬಾಗಿಲಲ್ಲಿ ಗಿರಣಿಯ ಹೆಂಗಸರು ಕೂತು ನುಚ್ಚು ಕೇರುತ್ತಿದ್ದರು. ನಾವು ಆಟದ ಮೇಷ್ಟ್ರ ಜೊತೆ ಬೆಳಗಿನ ಬಸ್ಸಿಗೇ ಹೋಗಿದ್ದೆವು. ಅಪ್ಪ, ಚಿಕ್ಕಪ್ಪ ಆಮೇಲೆ ಬರುವುದಿತ್ತು. ಅವರು ಬರುವ ತನಕ ನನಗೆ ರಾಜ್ಯವೇ ಸಿಕ್ಕಿತ್ತು. ಅಪ್ಪನನ್ನೂ ಅವ್ವನನ್ನೂ ಧಾರಾಳವಾಗಿ ಬಳಸಿ ನಾವು ಫೈನಲ್ ತಲುಪಿದೆವು. ಅಂಪೈರು ಒಂದೆರಡು ಸಲ ಆಟ ನಿಲ್ಲಿಸಿ ನುಚ್ಚು ಕೇರುವವರ ಕಡೆ ತಿರುಗಿ, "ಅಮ್ಮಾ, ಆಟದ ಮಧ್ಯೆ ಮಾತಾಡಬೇಡ್ರಮ್ಮಾ" ಎಂದರು. ಅವರು "ನಾವಲ್ಲ ಕಣಪ್ಪೋ, ನಮ್ಮ ಬಾಯಲ್ಲಿ ಎಲೆಅಡಿಕೆ ಅದೆ" ಎಂದು ಬಾಯಿ ತೆರೆದು ತೋರಿಸಿದರು.

ಫೈನಲ್ಲಿಗೆ ಎದುರಾಗಿದ್ದವರು ಮದ್ದೂರಿನ ಜೋಡಿ. ಇಬ್ಬರಿಗೂ ಬಿಳೀ ಚಡ್ಡಿ, ಬಿಳೀ ಬೂಟು, ಎಣ್ಣೆ ಹಚ್ಚಿದ ಮೀಸೆ. ನಮ್ಮಲ್ಲಿ ಚೆಲುವನಿಗೆ ಬೂಟಿತ್ತು, ನನಗೆ ಮೀಸೆ ಬರುವ ಲಕ್ಷಣವಿತ್ತು. ಮೊದಲ ಗೇಮು ನಾವೇ ಗೆದ್ದೆವು. ಅಷ್ಟರಲ್ಲಿ ಅಪ್ಪ, ಚಿಕ್ಕಪ್ಪ ಒಳಗೆ ಬಂದು ಗೆರೆಯ ಪಕ್ಕದ ಬೆಂಚಿನ ಮೇಲೆ ಕೂತರು. ಅಪ್ಪ ತೊಡೆಯ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ಇಲ್ಲಿ ಅಪ್ಪನಾಗಿ ಕೂಗಿದರೆ ಬ್ಯಾಟು ಒಲೆಗೆ. ಕೂಗದಿದ್ದರೆ ಚೆಲುವ ಕೊಪ್ಪಕ್ಕೆ. ನಾನು ಹೇಡಿಯ ದಾರಿ ಹಿಡಿದೆ, ನನ್ನದೇ ಒಡಕು ಧ್ವನಿಯಲ್ಲಿ "ಬುಡು" ಎಂದೆ. ಚೆಲುವ ತಬ್ಬಿಬ್ಬಾಗಿ ನಿಂತ. ಶಟಲ್ ಅವನ ಭುಜ ಸವರಿಕೊಂಡು ಒಳಗೇ ಬಿತ್ತು. ಮುಂದಿನದು ಹೊರಗಿತ್ತು, ಅದನ್ನು ಹೊಡೆದ. ಎರಡನೇ ಗೇಮು ಹಾಗೇ ಹೋಯಿತು. ಮೂರನೆಯದರಲ್ಲೂ ಅರ್ಧ ದಾರಿಗೆ ಮದ್ದೂರಿನವರು ಮೀಸೆ ತಿರುವಲು ಶುರು ಮಾಡಿದ್ದರು. ಚೆಲುವ ನನ್ನ ಹತ್ತಿರ ಬಂದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ದೊಡ್ಡಪ್ಪನ್ನ ಕರಿ ಕಣ್ಲಾ" ಎಂದ.

"ಅಲ್ಲೇ ಕೂತವ್ನೆ ಕಣ್ಲಾ."

"ನಂಗೆ ಅಲ್ಲಿರಾ ದೊಡ್ಡಪ್ಪ ಬ್ಯಾಡ. ನಿನ್ ಗಂಟ್ಲಲ್ಲಿರಾ ದೊಡ್ಡಪ್ಪ ಬೇಕು. ನಾನ್ ಊರ್ಗೋಗಲ್ಲ ಕಣ್ಲಾ."

ಮುಂದಿನ ಶಟಲ್ ಎತ್ತರಕ್ಕೆ ಬಂತು. ಕಣ್ಣು ಮುಚ್ಚಿಕೊಂಡು ಎದೆಯಿಂದ "ಬುಡು!" ಎಂದೆ. ಗುಬ್ಬಚ್ಚಿಗಳು ಹಾರಿದವು. ಚೆಲುವ ನೆಗೆದು ಬಾರಿಸಿದ್ದು ಬಿಳೀ ಬೂಟಿನ ನಡುವೆ ಬಿತ್ತು. ಬೆಂಚಿನ ಮೇಲೆ ಅಪ್ಪ ತನ್ನ ಬಾಯನ್ನು ಮುಟ್ಟಿ ನೋಡಿಕೊಂಡ, ತಾನೇ ಕೂಗಿದೆನೇನೋ ಎಂಬಂತೆ. ಮುಂದಿನದು ಹೊರಗೆ ಹೋಗುತ್ತಿತ್ತು, "ಬುಡೂ..." ಅಂದೆ. ಅಪ್ಪ ಗಕ್ಕನೆ ಹಿಂದೆ ತಿರುಗಿ ಅವ್ವ ಯಾವ ಬಸ್ಸಿಗೆ ಬಂದಳೆಂದು ಬಾಗಿಲ ಕಡೆ ಹುಡುಕಿದ. ಚಿಕ್ಕಪ್ಪನಿಗೆ ಮೊದಲು ಅರ್ಥವಾಯಿತು. ಅವನ ಹೆಗಲು ಕುಲುಕತೊಡಗಿತು, ಟವೆಲನ್ನು ಬಾಯಿಗೆ ತುರುಕಿಕೊಂಡ. ನಾನು ಆ ಕಡೆ ನೋಡುವುದನ್ನೇ ಬಿಟ್ಟೆ. ಅಪ್ಪ, ಅವ್ವ, ಅಪ್ಪ, ಅಪ್ಪ, ಅವ್ವ. ನುಚ್ಚು ಕೇರುವ ಹೆಂಗಸರು ಮೊರ ಕೆಳಗಿಟ್ಟು ನಮ್ಮ ಕಡೆಯವರಾದರು. ನಾವು ಸಮಕ್ಕೆ ಬಂದೆವು. ಒಂದು ಹೆಜ್ಜೆ ಮುಂದೆ ಹೋದೆವು. ಅವರು ಹಿಡಿದರು, ದಾಟಿದರು. ಸರ್ವೀಸು ಅವರದು, ಇದೊಂದು ತಪ್ಪಿದರೆ ಅವರದೇ ಪಂದ್ಯ.

ಸರ್ವೀಸು ಬಂತು, ನಾನು ಎತ್ತಿದೆ, ಮೀಸೆಯವನು ಗಾಬರಿಯಲ್ಲಿ ಜೋರಾಗಿ ಹಿಂದಕ್ಕೆ ಕಳಿಸಿದ. ಶಟಲ್ ಚೆಲುವನ ತಲೆಯ ಮೇಲಿಂದ ಹೊರಗೆ ಹೋಗುತ್ತಿತ್ತು, ಅನುಮಾನವೇ ಇಲ್ಲ. ಅವ್ವನ ಧ್ವನಿ ತೆಗೆಯಲು ನಾನು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಬೆಂಚಿನಿಂದ ಎದ್ದು ನಿಂತು, ಎದೆಯಿಂದ, ಕಲ್ಲು ಬಿದ್ದಂತೆ, ಗೋದಾಮು ನಡುಗುವಂತೆ ಒಂದು ಧ್ವನಿ ಬಂತು.

"ಬುಡ್ಲಾ ಚೆಲುವಾ!"

ನಾನು ಬಾಯಿ ತೆರೆದಿರಲೇ ಇಲ್ಲ. ಅದು ಅಸಲಿ ಅಪ್ಪ. ಚೆಲುವನಿಗೆ ಅಸಲಿ ನಕಲಿ ಗೊತ್ತಾಗಲು ಸಮಯವೆಲ್ಲಿ? ಅವನ ಕೈ ಮೇಲೆ ಹೋಯಿತು. ಹಿಂದಕ್ಕೆ ಬಾಗಿ, ಇಡೀ ಕೊಪ್ಪದ ಕಬ್ಬನ್ನೆಲ್ಲ ಒಂದೇ ಏಟಿಗೆ ಕಡಿಯುವಂತೆ ಬಾರಿಸಿದ. ಹೊರಗೆ ಹೋಗಿ ಬೀಳಬೇಕಿದ್ದ ಶಟಲ್ ನೇರವಾಗಿ ಬಂದು ಬಲೆಗೆ ಸಿಕ್ಕಿ ನೇತಾಡಿತು.

ಮದ್ದೂರಿನವರು ಒಬ್ಬರನ್ನೊಬ್ಬರು ಎತ್ತಿಕೊಂಡು ಕುಣಿದರು. ಚೆಲುವ ಬ್ಯಾಟನ್ನು ನೆಲಕ್ಕೆ ಊರಿ ಅದರ ಮೇಲೆ ಗದ್ದ ಇಟ್ಟು ಕೂತ. ಅಪ್ಪ ಅಂಕಣದೊಳಗೆ ಓಡಿ ಬಂದ. ಅವನ ಮುಖ ನೋಡಿ ನಾನು ಬ್ಯಾಟನ್ನು ಬೆನ್ನ ಹಿಂದೆ ಅಡಗಿಸಿದೆ.

"ಬುಡು ಅಂದ್ನಲ್ಲೋ! ಕೂಗಿ ಯೋಳುದ್ನಲ್ಲೋ! ಯಾಕ್ಲಾ ಒಡ್ದೆ?"

"ನೀನೇ ಬುಡು ಅಂದ್ಯಲ್ಲ ದೊಡ್ಡಪ್ಪ" ಎಂದ ಚೆಲುವ.

"ನಾನ್ ಬುಡು ಅಂದಿದ್ದು ಬುಡು ಅಂತ ಕಣ್ಲಾ! ಬುಡು ಅಂತಲ್ಲ!"

ಅಪ್ಪನಿಗೆ ತಾನು ಹೇಳಿದ್ದು ತನಗೇ ಕೇಳಿಸಿತು. ಕೈ ಎತ್ತಿದವನು ಹಾಗೇ ನಿಂತ.

ಆಟದ ಮೇಷ್ಟ್ರು ಮಳವಳ್ಳಿಯಲ್ಲೇ ಉಳಿದರು. ಅಲ್ಲಿಂದ ಮದ್ದೂರಿನವರೆಗೆ ಬಸ್ಸಿನಲ್ಲಿ ನಾವು ನಾಲ್ವರೂ ಒಂದೇ ಸಾಲಿನಲ್ಲಿ ಕೂತಿದ್ದೆವು. ನಾನು ಕಿಟಕಿಯ ಸರಳು ಹಿಡಿದು ಒಲೆಯೊಳಗೆ ಬ್ಯಾಟು ಉರಿಯುವುದನ್ನು ಕಲ್ಪಿಸಿಕೊಳ್ಳುತ್ತಿದ್ದೆ. ಕಡೆಗೆ ಅಪ್ಪನೇ ಕೇಳಿದ.

"ನನ್ ಗಂಟ್ಲಲ್ಲಿ ಬುಡು ಅಂದ್ರೆ ಒಡಿ ಅಂತ ಯಾವನ್ಲಾ ಮಾಡ್ದೋನು?"

ಬಾಯಿ ಬಿಟ್ಟದ್ದು ಚಿಕ್ಕಪ್ಪ.

"ಐಕ್ಳೇನ್ ಮಾಡ್ನಿಲ್ಲ ಬುಡಣ್ಣ. ನಾನು ಸಣ್ಣೋನಿದ್ದಾಗ್ಲಿಂದ್ಲೂ ನೀನ್ ಬುಡು ಅಂದಾಗೆಲ್ಲ ಬೆನ್ಮೇಲೆ ಬಿದ್ದದ್ದು ಏಟೇಯ."

ಅಪ್ಪ ತಮ್ಮನನ್ನು ಗುರಾಯಿಸಲು ಹೋಗಿ, ಆಗದೆ, ಕಿಟಕಿಯ ಕಡೆ ತಿರುಗಿಕೊಂಡ. ಅವನ ಕಿವಿ ಕೆಂಪಾಗಿತ್ತು. ಪಂದ್ಯ ಸೋಲಿಸಿದ್ದು ತನ್ನ ಬಾಯಿ ಎಂದು ಅವನಿಗೆ ಗೊತ್ತಾಗಿತ್ತು. ಇನ್ನು ನನಗೆ ಹೊಡೆಯುವ ಹಕ್ಕು ಅವನಿಗೆ ಉಳಿದಿರಲಿಲ್ಲ. ಆದರೆ ತಮ್ಮನಿಗೆ ಕೊಟ್ಟ ಮಾತು ಉಳಿದಿತ್ತು. ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಕೊಪ್ಪದ ಬಸ್ಸು ಹೊರಡಲು ಗುರುಗುಟ್ಟುತ್ತ ನಿಂತಿತ್ತು. ಚೆಲುವ ತಾನಾಗಿಯೇ ಅದರ ಕಡೆ ಹೆಜ್ಜೆ ಹಾಕಿದ. ಚಿಕ್ಕಪ್ಪ ಅವನ ಅಂಗಿಯ ಕಾಲರು ಹಿಡಿದು ನಿಲ್ಲಿಸಿದ.

"ಬಟ್ಟೆಬರೆ ಎಲ್ಲ ಮಂಡ್ಯದಲ್ಲೇ ಅವೆಯಲ್ಲ. ಅಲ್ಲೇ ಉಂಡು ಮಲಗಿದ್ದು ಬೆಳಿಗ್ಗೆ ಓಗಣ ನಡಿ."

ನಾವು ಮನೆ ಸೇರುವ ಹೊತ್ತಿಗೆ ಅವ್ವ ದೀಪ ಹಚ್ಚಿ ಬಾಗಿಲಲ್ಲೇ ನಿಂತಿದ್ದಳು. ಮುಖಗಳನ್ನು ನೋಡಿ ಒಳಗೆ ಹೋಗಿ ತಟ್ಟೆ ಹಾಕಿದಳು. ಗೆಲ್ಲುತ್ತೇವೆಂದು ಕೋಳಿ ಕೊಯ್ಯಿಸಿದ್ದಳು. ಸೋತವರ ಮುಂದೆ ಕೋಳಿ ಸಾರು ಬಡಿಸುವಾಗ ಅವಳ ಸೌಟು ಸದ್ದೇ ಮಾಡಲಿಲ್ಲ. ಅಜ್ಜಿ ಪಡಸಾಲೆಯಿಂದ ತೆವಳಿಕೊಂಡು ಬಂದು ಚೆಲುವನ ಪಕ್ಕ ಕೂತು, ಅವನ ಮಂಡಿಯ ಮೇಲೆ ಕೈ ಇಟ್ಟಳು. ಚೆಲುವ ಮುದ್ದೆಯ ಒಂದು ತುತ್ತು ಮುರಿದು ಬೆರಳಲ್ಲಿ ಉರುಳಿಸುತ್ತಿದ್ದ, ಬಾಯಿಗೆ ಇಡುತ್ತಿರಲಿಲ್ಲ. ಚಿಕ್ಕಪ್ಪ ಎರಡು ತುತ್ತು ನುಂಗಿ, ನೀರು ಕುಡಿದು, ನನ್ನ ಕಡೆ ತಿರುಗಿದ. ಅವನ ಧ್ವನಿ ಎಂದಿನ ಹಾಗೆ ಜಗಳಕ್ಕೆ ಬಂದಂತೆಯೇ ಇತ್ತು.

"ಅಲ್ಲ ಕಣ್ಲಾ, ಅಣ್ಣಂದು ಮಾಡ್ದೆ. ಅತ್ಗೇದು ಮಾಡ್ದೆ. ನಮ್ಮವ್ವಂದೂ ಮಾಡ್ತೀಯಂತೆ. ಆ ಕಡಲೆಕಾಯಿ ಮಾರೋ ಮುದ್ಕಂದೂ ಮಾಡ್ತೀಯಂತೆ. ನಂದ್ ಯಾಕ್ಲಾ ಮಾಡಲ್ಲ?"

ನಾನು ಅಪ್ಪನ ಕಡೆ ನೋಡಿದೆ.

"ಅವನ್ ಕಡೆ ಯಾಕ್ ನೋಡ್ತೀಯೆ? ನಾನೇನ್ ಈ ಅಟ್ಟಿಯೋನಲ್ವಾ?"

ಅವನು ನಿಜವಾಗಿ ನೊಂದುಕೊಂಡಿದ್ದ. ಅಪ್ಪ ಮೂಳೆ ಚೀಪುವುದನ್ನು ನಿಲ್ಲಿಸಿ, ಎಡಗೈಯನ್ನು ಗಾಳಿಯಲ್ಲಿ ಸುಮ್ಮನೆ ಒಂದು ಸಲ ಆಡಿಸಿದ. "ಮಾಡು, ಅತ್ಲಾಗೆ" ಎಂದ.

ನಾನು ಗಂಟಲು ಸರಿಮಾಡಿಕೊಂಡೆ. ಚಿಕ್ಕಪ್ಪನ ಹಾಗೆ ಬೆನ್ನು ನೆಟ್ಟಗೆ ಮಾಡಿ, ಮುದ್ದೆಯನ್ನು ಒಂದು ಗುದ್ದು ಗುದ್ದಿ, ಮೂಗಿನ ಮೇಲ್ಭಾಗದಿಂದ ಬರುವ ಆ ಜಗಳದ ಧ್ವನಿಯನ್ನು ಹಿಡಿದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಧ್ವನಿ ಬಂತು, ಅದರ ಹಿಂದೆಯೇ ಮಾತೂ ಬಂದುಬಿಟ್ಟಿತು.

"ಅತ್ಗೇ, ಐಕ್ಳಿಬ್ರೂ ಇಲ್ಲೇ ಜೊತೇಲಿರ್ಲಿ. ಕಬ್ಬು ನಾನ್ ನೋಡ್ಕತೀನಿ."

ಅವ್ವನ ಸೌಟು ಪಾತ್ರೆಯ ಮೇಲೆ ಹಾಗೇ ನಿಂತಿತು. ಹಳಿಯ ಮೇಲೆ ಯಾವುದೋ ರೈಲು ಬಂದು, ತಟ್ಟೆಗಳನ್ನೆಲ್ಲ ಗಿಲಿಗಿಲಿ ಅನ್ನಿಸಿ ಹೋಗುವವರೆಗೂ ಚಿಕ್ಕಪ್ಪ ನನ್ನನ್ನು ದಿಟ್ಟಿಸುತ್ತಿದ್ದ. ಆಮೇಲೆ ಮೂಗನ್ನು ಉಜ್ಜಿಕೊಂಡ.

"ಥೂ. ನಾನ್ ಅಷ್ಟ್ ಮೂಗ್ನಲ್ಲಿ ಮಾತಾಡಲ್ಲ ಕಣ್ಲಾ."

"ಮೂಗ್ನ ವಿಸ್ಯ ಆಮ್ಯಾಕೆ" ಎಂದಳು ಅಜ್ಜಿ ಕಿರಿಮಗನಿಗೆ. "ಮಾತ್ನ ವಿಸ್ಯ ಯೋಳ್ಲಾ ಪುಟ್ಸಾಮಿ."

ಚಿಕ್ಕಪ್ಪ ಸಾರಿನ ಬಟ್ಟಲನ್ನು ಅವ್ವನ ಕಡೆ ನೂಕಿದ.

"ಮಾತ್ಗೇನಾಗದೆ? ಮಾತು ನಂದೇಯ. ವಸಿ ಸಾರು ಬುಡತ್ಗೆ."

ಚೆಲುವ ಬೆರಳಲ್ಲಿ ಉರುಳಿಸುತ್ತಿದ್ದ ತುತ್ತನ್ನು ಬಾಯಿಗಿಟ್ಟುಕೊಂಡ. ಅದು ಅವನ ಗಂಟಲಿನಲ್ಲಿ ಇಳಿಯುವುದನ್ನು ನಾವೆಲ್ಲರೂ ಕೂತು ನೋಡಿದೆವು.